ಮನೆಗೆ ಬಂದು ರಕ್ತ ತಗೊಂಡು ಹೋಗೋರ ಹತ್ತಿರ ಫಾಸ್ಫರಸ್ ಮಾಡಿಸಬೇಡಿ

ಬರೆಯೋಕೆ ನಾಚಿಕೆ ಆಗ್ತಿದೆ. ಲ್ಯಾಬಲ್ಲೇ ಕೆಲಸ ಮಾಡೋನು ನಾನು, ನಾನೇ ಮೋಸ ಹೋದೆ.

ಮನೆಯಲ್ಲಿ ಕಿಡ್ನಿ ತೊಂದರೆ ಇರೋ ಹಿರಿಯರು. ಹಿಂದಿನ ತಿಂಗಳು ಫಾಸ್ಫರಸ್ 4.4. ದೊಡ್ಡವರಿಗೆ ಡೆಸಿಲೀಟರ್ ರಕ್ತಕ್ಕೆ 2.5ರಿಂದ 4.5 ಮಿಗ್ರಾಂ ಸರಿ. ಈ ಸಲ ಮನೆಗೇ ಬಂದು ರಕ್ತ ತಗೊಂಡು ಹೋದರು, ರಿಪೋರ್ಟಲ್ಲಿ 5.9. ಡಾಕ್ಟರು ಫಾಸ್ಫರಸ್ ಇಳಿಸೋ ಮಾತ್ರೆ ಸೆವೆಲಮರ್ ಬರೆದರು, ಊಟಕ್ಕೆ ಮೊಸರು ಬಂದ್. ನಾನೂ ತಲೆ ಆಡಿಸಿದೆ!

ಪೊಟ್ಯಾಸಿಯಂ ಕೂಡ ಏರಿ 6.4 ಇತ್ತು ರೀ, ಅದೇ ಕಾಗದದಲ್ಲಿ. ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಮಾತ್ರ ಎಂದಿನಷ್ಟೇ. ಎರಡೂ ಒಟ್ಟಿಗೆ ಏರಿ ಕ್ರಿಯಾಟಿನಿನ್ ಕದಲದಿದ್ದರೆ ಮೊದಲು ಟ್ಯೂಬಿನ ಮೇಲೆ ಅನುಮಾನ ಪಡಬೇಕು. ಎರಡು ದಿನ ಆದಮೇಲೆ ಕಾಗದದ ತುದಿಯಲ್ಲಿ ಸಣ್ಣಕ್ಷರ ಓದಿದೆ: ರಕ್ತ ತೆಗೆದದ್ದು ಬೆಳಿಗ್ಗೆ 7:05, ಲ್ಯಾಬಿಗೆ ಸೇರಿದ್ದು ಮಧ್ಯಾಹ್ನ 3:40. ಎಂಟೂವರೆ ಗಂಟೆ! ಸ್ಪಿನ್ ಮಾಡದೆ, ಅಂದರೆ ಯಂತ್ರದಲ್ಲಿ ಜೋರಾಗಿ ತಿರುಗಿಸಿ ಕಣ ಬೇರೆ ಮಾಡದೆ!

ಕೆಂಪು ರಕ್ತಕಣದ ಒಳಗೆ ಫಾಸ್ಫೇಟ್ (ರಕ್ತದಲ್ಲಿ ಫಾಸ್ಫರಸ್ ಇರೋ ರೂಪ) ಹೊರಗಿಗಿಂತ ಜಾಸ್ತಿ, ಪೊಟ್ಯಾಸಿಯಂ ಕೂಡ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ) ಬೇರೆ ಮಾಡದೆ ಬಿಟ್ಟರೆ, ಬೈಕಲ್ಲಿ ಕುಲುಕಿ ಕಣ ಒಡೆದರೆ, ಅದೆಲ್ಲ ಸೀರಂಗೆ ಇಳಿಯುತ್ತೆ. ಮಷೀನಲ್ಲಿರೋದು ಆಮ್ಲದಲ್ಲಿ ಕಲಸಿದ ಅಮೋನಿಯಂ ಮಾಲಿಬ್ಡೇಟ್. ಫಾಸ್ಫೇಟ್ ಜೊತೆ ಸೇರಿದ್ದನ್ನ 340 ನ್ಯಾನೋಮೀಟರ್ ಬೆಳಕಲ್ಲಿ ಓದುತ್ತೆ, ಅಷ್ಟೇ. ಅದು ದೇಹದಲ್ಲಿದ್ದದ್ದೋ ಟ್ಯೂಬಲ್ಲಿ ಸೋರಿದ್ದೋ ಅದಕ್ಕೇನು ಗೊತ್ತು.

ಫೋನ್ ಮಾಡಿದೆ. ರಕ್ತ ತಗೊಂಡು ಹೋದ ಹುಡುಗ: "ಐಸ್ ಪ್ಯಾಕ್ ಹಾಕಿದ್ದೆ ಸರ್, ಏನೂ ಆಗಲ್ಲ." ಅಯ್ಯೋ, ಸ್ಪಿನ್ ಮಾಡದ ರಕ್ತ ತಣ್ಣಗಿಟ್ಟರೆ ಪೊಟ್ಯಾಸಿಯಂ ಇನ್ನೂ ಬೇಗ ಸೋರುತ್ತೆ ಮಾರಾಯ! ಕೌಂಟರ್‌ನವರು: "ಮಷೀನ್ ಕೊಟ್ಟದ್ದನ್ನೇ ಪ್ರಿಂಟ್ ಮಾಡ್ತೀವಿ." ಸೀರಂ ಗುಲಾಬಿ ಬಣ್ಣಕ್ಕೆ (ಕಣ ಒಡೆದ ಗುರುತು ಅದು) ತಿರುಗಿತ್ತಾ ಅಂದರೆ, "ಸ್ವಲ್ಪ ಇತ್ತು ಸರ್, ಸ್ವಲ್ಪಕ್ಕೆಲ್ಲ ರಿಮಾರ್ಕ್ ಹಾಕಲ್ಲ." ಹಾಕಲ್ವಂತೆ! ಅದೊಂದು ಸಾಲು ಇದ್ದಿದ್ದರೆ ಡಾಕ್ಟರು ಮಾತ್ರೆ ಬರೀತಿರಲಿಲ್ಲ.

ಡಾಕ್ಟರಿಗೆ ಹೇಳಿ ಅವತ್ತೇ ನಮ್ಮ ಲ್ಯಾಬಲ್ಲಿ ಮತ್ತೆ ಮಾಡಿದ್ವಿ. ಜೆಲ್ ಇರೋ ಹಳದಿ ಮುಚ್ಚಳದ ಟ್ಯೂಬು, ಅರ್ಧ ಗಂಟೆ ಹೆಪ್ಪುಗಟ್ಟೋಕೆ, ಆಮೇಲೆ ಹತ್ತು ನಿಮಿಷ ಸ್ಪಿನ್. ಫಾಸ್ಫರಸ್ 4.5, ಪೊಟ್ಯಾಸಿಯಂ 4.8. ಎರಡು ದಿನದ ಮಾತ್ರೆಗೆ ಪೊಟ್ಯಾಸಿಯಂ ಇಳಿಯಲ್ಲ, ಹಾಗಾಗಿ ಮಾತ್ರೆಯಿಂದ ಸರಿಹೋಯ್ತು ಅಂತ ಯಾರೂ ವಾದಿಸಬೇಡಿ.

ಈ ಟೆಸ್ಟಿಗೆ ಸ್ಪಿನ್ ಮಾಡೋ ಜಾಗಕ್ಕೇ ನಡೆದು ಹೋಗಿ, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಸಂಜೆ ತೆಗೆದದ್ದನ್ನ ಬೆಳಿಗ್ಗೆಯದಕ್ಕೆ ಹೋಲಿಸಬೇಡಿ. ನೇರಳೆ ಮುಚ್ಚಳದ ಟ್ಯೂಬಲ್ಲೇ ಎಲ್ಲಾ ಮಾಡ್ತೀವಿ ಅಂದರೆ ಎದ್ದು ಬನ್ನಿ, ಅದರಲ್ಲಿರೋ ಇಡಿಟಿಎ (ರಕ್ತ ಹೆಪ್ಪುಗಟ್ಟದ ಹಾಗೆ ಹಾಕೋ ರಾಸಾಯನಿಕ) ಈ ಟೆಸ್ಟಿಗೆ ಆಗಲ್ಲ. ರಿಪೋರ್ಟಲ್ಲಿ ಎರಡು ಸಮಯ ನೋಡಿ, ನಾನು ನೋಡದೆ ಕೆಟ್ಟೆ.

ಕೊನೆಗೆ ಅವರ ಮ್ಯಾನೇಜರು ದೊಡ್ಡ ಮನಸ್ಸು ಮಾಡಿ "ಫ್ರೀ ರಿಪೀಟ್ ಕೊಡ್ತೀವಿ" ಅಂದರು. ಯಾರು ಬರ್ತಾರೆ ಅಂದೆ. ಅದೇ ಹುಡುಗ, ಅದೇ ಬ್ಯಾಗು, ನಮ್ಮನೆ ಆದಮೇಲೆ ಇನ್ನೂ ಹನ್ನೊಂದು ಮನೆ.