ಕಾರ್ ಎಸಿ ಗ್ಯಾಸ್: ಟಿನ್ನೋ, ಸಿಲಿಂಡರೋ?

ಕಾರಿನ ಎಸಿಗೆ ಹಾಕುವ ಆರ್-134ಎ ಗ್ಯಾಸ್ ನಮಗೆ ಮೂರು ಬಗೆಯಲ್ಲಿ ಸಿಗುತ್ತದೆ: 450 ಗ್ರಾಂ ಆಸುಪಾಸಿನ ಸಣ್ಣ ಟಿನ್, 13.6 ಕೆಜಿಯ ಬಳಸಿ ಬಿಸಾಡುವ ಸಿಲಿಂಡರ್, ಖಾಲಿಯಾದರೆ ಮತ್ತೆ ತುಂಬಿಸಿಕೊಡುವ ದಪ್ಪ ಉಕ್ಕಿನ ದೊಡ್ಡ ಸಿಲಿಂಡರ್. ಮೂರನ್ನೂ ಬಳಸಿದ್ದೇನೆ. ಕಲಬುರಗಿಯಲ್ಲಿ ಚಿಕ್ಕ ಗ್ಯಾರೇಜ್ ಇಟ್ಟುಕೊಂಡಿರುವ ನನಗೆ 13.6 ಕೆಜಿಯದ್ದೇ ಸೈ. ಟಿನ್ ಕೈಗೆತ್ತಿಕೊಳ್ಳುವವರಂತೂ ಮುಂದಿನದ್ದನ್ನು ಪೂರ್ತಿ ಓದಿ.

ಕಳೆದ ಬೇಸಿಗೆಯಲ್ಲಿ ಸಿಲಿಂಡರ್ ಸ್ಟಾಕ್ ಇಲ್ಲವೆಂದು ಅಂಗಡಿಯವರು ಒಂದು ಬಾಕ್ಸ್ ಟಿನ್ ಕೊಟ್ಟರು, ಜೊತೆಗೆ ಟಿನ್ ಚುಚ್ಚುವ ಟ್ಯಾಪ್. ಮೊದಲ ಕಾರಿನಲ್ಲೇ ತೊಂದರೆ ಶುರುವಾಯಿತು. ಟಿನ್ನಿನೊಳಗೆ ಇರುವುದು ಒತ್ತಡದಿಂದ ದ್ರವವಾಗಿ ನಿಂತ ಗ್ಯಾಸ್. ಬಿಟ್ಟರೆ ಮೈನಸ್ 26 ಡಿಗ್ರಿಯಲ್ಲೇ ಕುದಿಯುವಂಥದ್ದು. ಆವಿಯಾಗಲು ಬೇಕಾದ ಶಾಖವನ್ನು ಅದು ಟಿನ್ನಿನಿಂದಲೇ ಎಳೆದುಕೊಳ್ಳುತ್ತದೆ. ಅರ್ಧ ಖಾಲಿಯಾಗುವಷ್ಟರಲ್ಲಿ ತಗಡಿನ ಸುತ್ತ ಬಿಳಿ ಹಿಮ ಕಟ್ಟಿತ್ತು. 30 ಡಿಗ್ರಿಯಲ್ಲಿ ಟಿನ್ನಿನ ಒತ್ತಡ ಸುಮಾರು 97 ಪಿಎಸ್‌ಐ. ಸೊನ್ನೆ ಡಿಗ್ರಿಗೆ ಇಳಿದರೆ 28. ಎಂಜಿನ್ ಓಡುವಾಗ ಎಸಿಯ ಲೋ ಸೈಡ್‌ನಲ್ಲೂ, ಅಂದರೆ ಗ್ಯಾಸ್ ತುಂಬುವ ಕಡಿಮೆ ಒತ್ತಡದ ಕಡೆಯಲ್ಲೂ, ಹೆಚ್ಚುಕಡಿಮೆ ಅಷ್ಟೇ ಒತ್ತಡ ಇರುತ್ತದೆ. ಇನ್ನು ಗ್ಯಾಸ್ ಹೋಗುವುದಾದರೂ ಎಲ್ಲಿಗೆ? ನಿಂತೇ ಬಿಡುತ್ತದೆ.

ಅಪಾಯ ಹುಟ್ಟುವುದು ಇಲ್ಲೇ. ಗಿರಾಕಿ ಪಕ್ಕದಲ್ಲೇ ನಿಂತು ಅವಸರ ಮಾಡುತ್ತಿರುತ್ತಾರೆ, ಕೆಲವರು ಬ್ಲೋ ಟಾರ್ಚ್ ತಂದು ಟಿನ್ನಿಗೆ ಹಿಡಿಯುತ್ತಾರೆ. ಈ ಗ್ಯಾಸ್‌ಗೆ ಬೆಂಕಿ ಹತ್ತುವುದಿಲ್ಲ ಎಂಬ ಧೈರ್ಯ. ಸಾಮಾನ್ಯ ಸ್ಥಿತಿಯಲ್ಲಿ ಹತ್ತುವುದಿಲ್ಲ, ನಿಜ. ಆದರೆ ಜ್ವಾಲೆ ತಾಗಿದರೆ ಒಳಗಿನ ಒತ್ತಡ ಏರಿ ಟಿನ್ ಸಿಡಿಯುತ್ತದೆ. ಸಿಡಿಯದೆ ಸೋರಿದರೂ ಬೆಂಕಿಗೆ ಸಿಕ್ಕ ಗ್ಯಾಸ್ ಒಡೆದು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ, ಅದು ಶ್ವಾಸಕೋಶವನ್ನೇ ಸುಡುವ ವಿಷ. ಇನ್ನು ಕೆಲವರು ಟಿನ್ ತಲೆಕೆಳಗು ಮಾಡುತ್ತಾರೆ. ಆಗ ದ್ರವ ನೇರ ಗ್ಯಾಸ್ ಒತ್ತುವ ಕಂಪ್ರೆಸರ್‌ಗೆ ನುಗ್ಗಿ ಅದರ ವಾಲ್ವ್ ಒಡೆಯಬಹುದು. ಎಲ್ಲಕ್ಕಿಂತ ಕೆಟ್ಟದ್ದು, ಎಂಜಿನ್ ಓಡುತ್ತಿರುವಾಗ ಒತ್ತಡ ನೋಡುವ ಗೇಜಿನ ಹೈ ಸೈಡ್ (ಹೆಚ್ಚು ಒತ್ತಡದ ಕಡೆಯ) ವಾಲ್ವ್ ತೆರೆಯುವುದು. ನಮ್ಮೂರ ಮೇ ತಿಂಗಳಲ್ಲಿ ಆ ಕಡೆ 250 ಪಿಎಸ್‌ಐ ದಾಟಿರುತ್ತದೆ. ಅದು ಹಿಂದಕ್ಕೆ ಹರಿದು ತೆಳು ತಗಡಿನ ಟಿನ್ನಿಗೆ ಬಂದರೆ ಕೈಯಲ್ಲೇ ಒಡೆಯುತ್ತದೆ.

ಟಿನ್ ಬಳಸಲೇಬೇಕಾದರೆ ಒಂದು ಬಕೆಟ್ ಉಗುರುಬೆಚ್ಚಗಿನ ನೀರು ಸಾಕು. ಕೈ ಇಟ್ಟರೆ ಹಿತವಾಗಿರಬೇಕು, 40 ಡಿಗ್ರಿ ಮೀರಬಾರದು.

ಇಷ್ಟಕ್ಕೇ ಮುಗಿಯಲಿಲ್ಲ. ಒಂದು ಟಿನ್ ಸಾಲದ ಕಾರಿಗೆ ಎರಡನೆಯದನ್ನು ಚುಚ್ಚಬೇಕು, ಉಳಿದದ್ದನ್ನು ಟ್ಯಾಪ್ ಸಮೇತ ಹಾಗೇ ಇಡಬೇಕು. ಆ ಟ್ಯಾಪಿನ ವಾಷರ್ ಸರಿಯಾಗಿ ಕೂರುತ್ತಿರಲಿಲ್ಲ. ನಮ್ಮ ಹುಡುಗ ಅದನ್ನು ಬಿಗಿ ಮಾಡಲು ಹೋದಾಗ ದ್ರವ ಚಿಮ್ಮಿ ಎರಡು ಬೆರಳ ತುದಿ ಮೇಣದಂತೆ ಬೆಳ್ಳಗಾದವು. ಉಜ್ಜಬೇಡ ಅಂತ ತಡೆದು, ಬೆಚ್ಚಗಿನ ನೀರಲ್ಲಿ ಕೈ ಇಡಿಸಿ ಡಾಕ್ಟರ್ ಹತ್ತಿರ ಕರೆದೊಯ್ದೆ. ಅಂದಿನಿಂದ ಕನ್ನಡಕ, ಗ್ಲೌಸ್ ಇಲ್ಲದೆ ಯಾರೂ ಗೇಜ್ ಮುಟ್ಟುವಂತಿಲ್ಲ. ಉಳಿದ ಟಿನ್ ಕಾರಿನ ಡಿಕ್ಕಿಯಲ್ಲಿಡುವುದಂತೂ ಬೇಡವೇ ಬೇಡ. ಬಿಸಿಲಿಗೆ ನಿಂತ ಕಾರಿನೊಳಗೆ 60 ಡಿಗ್ರಿ ದಾಟಬಹುದು. ಇವುಗಳ ಮಿತಿ ಸಾಮಾನ್ಯವಾಗಿ 50ರ ಆಸುಪಾಸು.

13.6 ಕೆಜಿಯದರಲ್ಲಿ ಈ ಗೋಳಿಲ್ಲ. ಒಳಗೆ ದ್ರವ ಬಹಳ ಇರುವುದರಿಂದ ಬೇಗ ತಣ್ಣಗಾಗುವುದಿಲ್ಲ. ಅದಕ್ಕೆ ತನ್ನದೇ ವಾಲ್ವ್ ಇದೆ, ಒತ್ತಡ ಮಿತಿಮೀರಿದರೆ ಒಡೆದು ಗ್ಯಾಸ್ ಬಿಡುವ ಸೇಫ್ಟಿ ಡಿಸ್ಕ್ ಇದೆ. ತೂಕದ ಯಂತ್ರದ ಮೇಲಿಟ್ಟು, ಬಾನೆಟ್ ಕೆಳಗಿನ ಸ್ಟಿಕ್ಕರ್ ಹೇಳಿದಷ್ಟು ಗ್ರಾಂ ಹಾಕಿ ನಿಲ್ಲಿಸಬಹುದು. ಕೆಜಿ ಲೆಕ್ಕದಲ್ಲೂ ನನಗೆ ಟಿನ್ನಿಗಿಂತ ಅಗ್ಗವಾಗಿ ಬೀಳುತ್ತದೆ. ತಗಡಿನ ಶೆಡ್ಡಿನಲ್ಲಿ ಇಡದೆ, ಗೋಡೆಗೆ ಕಟ್ಟಿ ನೆಟ್ಟಗೆ ನಿಲ್ಲಿಸುತ್ತೇನೆ.

ಇದರ ಕೊರತೆ ತಳದಲ್ಲಿ ಉಳಿಯುವ ಗ್ಯಾಸ್. ಇದು ಕಾರ್ಬನ್ ಡೈಆಕ್ಸೈಡ್‌ಗಿಂತ 1430 ಪಟ್ಟು ಭೂಮಿ ಬಿಸಿಮಾಡುವ ಗ್ಯಾಸ್. ಕಾಲು ಕೆಜಿ ಗಾಳಿಗೆ ಬಿಟ್ಟರೆ 350 ಕೆಜಿಗೂ ಮೀರಿದ ಕಾರ್ಬನ್ ಡೈಆಕ್ಸೈಡ್ ಬಿಟ್ಟಂತೆ. ಯುರೋಪ್ ಒಕ್ಕೂಟ ಇಂಥ ಸಿಲಿಂಡರ್‌ಗಳನ್ನು ಮಾರುಕಟ್ಟೆಗೆ ಬಿಡುವುದನ್ನು 2007ರಲ್ಲೇ ನಿಷೇಧಿಸಿತು. ನಾನು ರಿಕವರಿ ಯಂತ್ರದಿಂದ ಪೂರ್ತಿ ಎಳೆದ ಮೇಲೆಯೇ ಗುಜರಿಗೆ ಹಾಕುತ್ತೇನೆ. ಅದರ ಒನ್‌ವೇ ವಾಲ್ವ್ ಕೆಡಿಸಿ ಮತ್ತೆ ತುಂಬಿಸಿಕೊಡುವವರೂ ಇದ್ದಾರೆ. ಬೇಡ. ಒಮ್ಮೆಯ ಬಳಕೆಗೆಂದೇ ಮಾಡಿದ ಉಕ್ಕು ಅದು.

ಮತ್ತೆ ತುಂಬಿಸುವ ದೊಡ್ಡ ಸಿಲಿಂಡರ್ ನಿಜಕ್ಕೂ ಗಟ್ಟಿ, ತಳದ ಗ್ಯಾಸ್ ವಾಪಸ್ ಹೋಗುವುದರಿಂದ ಪೋಲಾಗುವುದಿಲ್ಲ. ಆದರೆ ಡಿಪಾಸಿಟ್ ಕಟ್ಟಬೇಕು, ಸರಿಸಲು ಇಬ್ಬರು ಬೇಕು. ದಿನಕ್ಕೆ ಹತ್ತಾರು ಕಾರು ಬರುವವರು ಅದನ್ನೇ ಕೊಳ್ಳಲಿ.

ಯಾವುದನ್ನೇ ತಂದರೂ ಲೀಕ್ ನೋಡಲು ಒಣ ನೈಟ್ರೋಜನ್ ಮಾತ್ರ ಬಳಸಿ, ಗಾಳಿ ತುಂಬಬೇಡಿ. ಒತ್ತಡದಲ್ಲಿ ಗಾಳಿಯೊಂದಿಗೆ ಬೆರೆತರೆ ಇದೇ ಗ್ಯಾಸ್‌ಗೆ ಬೆಂಕಿ ಹತ್ತಬಲ್ಲದು. ಗಾಳಿಗಿಂತ ಭಾರವಾದ್ದರಿಂದ ಸರ್ವಿಸ್ ಗುಂಡಿಯಲ್ಲಿ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ.

ನಕಲಿ ಗ್ಯಾಸ್ ಬಗ್ಗೆಯೂ ಎಚ್ಚರ ಬೇಕು. 2011ರಲ್ಲಿ ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಶೀತಲ ಕಂಟೇನರ್‌ಗಳು ಸಿಡಿದು ಕಾರ್ಮಿಕರು ಸತ್ತರು. ಆರ್-134ಎ ಹೆಸರಿನಲ್ಲಿ ತುಂಬಿಸಿದ್ದರಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿತ್ತು. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದೊಡನೆ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. ಹೊಸ ಸಿಲಿಂಡರನ್ನು ರಾತ್ರಿಯಿಡೀ ನೆರಳಲ್ಲಿ ಬಿಟ್ಟು, ಬೆಳಿಗ್ಗೆ ಗೇಜ್ ಹಾಕಿ ಒತ್ತಡ ಆಗಿನ ತಾಪಮಾನಕ್ಕೆ ಹೊಂದುತ್ತದೆಯೇ ನೋಡಿ, 30 ಡಿಗ್ರಿಯಾದರೆ 97 ಪಿಎಸ್‌ಐ ಆಸುಪಾಸು ಇರಬೇಕು. ಹೊಂದದಿದ್ದರೆ ವಾಪಸ್ ಕೊಡಿ. ಕಲಬೆರಕೆ ಮಾಡುವವರು ಒತ್ತಡವನ್ನೂ ಹೊಂದಿಸಬಲ್ಲರು, ಹಾಗಾಗಿ ಸೀಲ್ ಮತ್ತು ಬಿಲ್ ಇಲ್ಲದ್ದನ್ನು ನಾನು ಒಳಗೇ ಇಳಿಸಿಕೊಳ್ಳುವುದಿಲ್ಲ.