ತುಮಕೂರಿಗೆ ಬಂದ ಮ್ಯಾಡ್ರಿಡ್‌ನ ಸೋಡಾಬುಡ್ಡಿ

ಏಳನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಮೊಬೈಲಿನ ಆ್ಯಪ್ ಒಂದರಲ್ಲಿ ಸ್ಪ್ಯಾನಿಷ್ ಕಲಿಯಲು ಆರಂಭಿಸಿ ಒಂದೂವರೆ ವರ್ಷವಾಯಿತು. ಬಿಡಿ ವಾಕ್ಯಗಳನ್ನು ಜೋಡಿಸುವ ಆಟ ಸಾಕಾಗಿ ಅವಳು ಕಥೆಪುಸ್ತಕಕ್ಕೆ ಹಟ ಹಿಡಿದಾಗ ತುಮಕೂರಿನ ಅಂಗಡಿಗಳಲ್ಲಿ ವಿಚಾರಿಸಿದೆ. ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಸುವ ಕೈಪಿಡಿಯೊಂದು ಸಿಕ್ಕಿತೇ ಹೊರತು ಕಥೆ ಸಿಗಲಿಲ್ಲ. ಕೊನೆಗೆ ಆನ್‌ಲೈನಿನಲ್ಲಿ ಸ್ಪೇನಿನ ಲೇಖಕಿ ಎಲ್ವಿರಾ ಲಿಂದೊ ಅವರ ‘ಮನೊಲಿತೊ ಗಫೋತಾಸ್’ ಎಂಬ ಮಕ್ಕಳ ಕಾದಂಬರಿಯನ್ನು ತರಿಸಿದೆ. ಪುಸ್ತಕದ ಬೆಲೆಗಿಂತ ಸಾಗಣೆಯ ಖರ್ಚೇ ಹೆಚ್ಚಾಯಿತು; ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಳುಹಿಸಿದ್ದರಿಂದ ರಕ್ಷಾಪುಟದ ಮೂಲೆಯೂ ಮಡಿಚಿಹೋಗಿತ್ತು.

ರೇಡಿಯೊದಲ್ಲಿ ಲಿಂದೊ ತಮ್ಮ ದನಿಯಲ್ಲೇ ನುಡಿಸುತ್ತಿದ್ದ ಪಾತ್ರವೊಂದು 1994ರಲ್ಲಿ ಈ ಪುಸ್ತಕವಾಯಿತು. 2012ರ ಹೊತ್ತಿಗೆ ಸರಣಿಯಲ್ಲಿ 8 ಪುಸ್ತಕಗಳಾದವು. ‘ಗಫಾಸ್’ ಎಂದರೆ ಕನ್ನಡಕ. ಅದಕ್ಕೆ ದೊಡ್ಡದೆಂಬ ಅರ್ಥದ ಪ್ರತ್ಯಯ ಸೇರಿ ಕಥಾನಾಯಕ ಮನೊಲಿತೊ ಎಂಬ ಹುಡುಗನ ಅಡ್ಡಹೆಸರಾಗಿದೆ. ನಮ್ಮ ಶಾಲೆಗಳ ‘ಸೋಡಾಬುಡ್ಡಿ’ಗಿಂತ ಹತ್ತಿರದ ಅನುವಾದ ಇದಕ್ಕೆ ಇರಲಾರದು. ಮ್ಯಾಡ್ರಿಡ್‌ನ ಕರಬಾಂಚೆಲ್ ಎಂಬ ದುಡಿಯುವವರ ಬಡಾವಣೆ, ಲಾರಿ ಓಡಿಸುತ್ತ ವಾರಗಟ್ಟಲೆ ಹೊರಗಿರುವ ಅಪ್ಪ, ಏಟು ಕೊಡಲು ಕೈ ಬೀಸುವ ಅಮ್ಮ, ತೊಟ್ಟಿಲ ವಯಸ್ಸು ದಾಟುತ್ತಿರುವ ತಮ್ಮ, ಅಲ್ಯೂಮಿನಿಯಂ ಚೌಕಟ್ಟು ಹಾಕಿ ಮುಚ್ಚಿಸಿದ ಬಾಲ್ಕನಿಯಲ್ಲಿ ಮೊಮ್ಮಗನ ಜೊತೆ ಮಲಗುವ ತಾತ, ಇಷ್ಟರಲ್ಲೇ ಇಡೀ ಕಥೆ ನಡೆಯುತ್ತದೆ. ಎರಡು ಕೋಣೆಯ ಮನೆಯಲ್ಲಿ ಬಾಲ್ಕನಿಗೆ ಗ್ರಿಲ್ ಕೂರಿಸಿ ಅದನ್ನೇ ತಾತನ ಕೋಣೆ ಮಾಡಿರುವ ನಮಗೆ ಈ ಭಾಗವನ್ನು ಯಾರೂ ವಿವರಿಸಬೇಕಾಗಲಿಲ್ಲ.

ಆದರೆ ಪುಸ್ತಕ ಒಳ್ಳೆಯದು ಎಂಬುದಕ್ಕೂ ಅದು ನಮ್ಮ ಮಕ್ಕಳಿಗೆ ಈಗಲೇ ತಕ್ಕದ್ದು ಎಂಬುದಕ್ಕೂ ನಡುವೆ ಅಂತರವಿದೆ. ಸ್ಪೇನಿನ ಪ್ರಕಾಶಕರು ನಮೂದಿಸುವ ವಯಸ್ಸು ಆ ಭಾಷೆಯನ್ನು ಮನೆಯಲ್ಲಿ ಆಡುತ್ತ ಬೆಳೆದ ಮಗುವಿನದು. 1978ರಿಂದ ಬರುತ್ತಿರುವ ‘ಎಲ್ ಬಾರ್ಕೊ ದೆ ವಪೋರ್’ ಎಂಬ ಸ್ಪೇನಿನ ಮಕ್ಕಳ ಪುಸ್ತಕಮಾಲೆಯಲ್ಲಿ ವಯಸ್ಸಿಗೊಂದು ಬಣ್ಣವಿದ್ದು, ಕೆಂಪು ಬಣ್ಣ 12 ವರ್ಷ ದಾಟಿದವರಿಗೆ ಎಂದು ಗೊತ್ತುಮಾಡಲಾಗಿದೆ. ತುಮಕೂರಿನ 12 ವರ್ಷದ ಮಗು ಆ ಕೆಂಪು ಪುಸ್ತಕ ಹಿಡಿದರೆ ಎರಡನೆಯ ಪುಟವನ್ನೂ ದಾಟುವುದಿಲ್ಲ. ಕಲಿಯುವವರಿಗೆಂದೇ ಎ1 (ಮೊದಲ ಹಂತ), ಎ2 (ಅದರ ಮುಂದಿನದು) ಎಂದು ಭಾಷಾಕಲಿಕೆಯ ಹಂತ ನಮೂದಿಸಿ ಬರೆದ ಕಿರುಪುಸ್ತಕಗಳೂ ಇವೆ. ನಾವು ಮೊದಲು ತರಿಸಿದ್ದ ಅಂಥದೊಂದರಲ್ಲಿ ಎಲ್ಲವೂ ವರ್ತಮಾನಕಾಲದಲ್ಲೇ ನಡೆದು, ಕಳೆದುಹೋದ ಸೂಟ್‌ಕೇಸ್ ಕೊನೆಯ ಪುಟದಲ್ಲಿ ಸಿಕ್ಕಿತು. ಅರ್ಥವಾಗದ ಪದ ಒಂದೂ ಇರಲಿಲ್ಲ, ಮತ್ತೊಮ್ಮೆ ಓದುವ ಆಸೆಯೂ ಹುಟ್ಟಲಿಲ್ಲ.

ಮನೊಲಿತೊವಿನ ಕಷ್ಟ ಬೇರೆ ಬಗೆಯದು. ಹುಡುಗನೇ ಕಥೆ ಹೇಳುವುದರಿಂದ ಭಾಷೆಯೆಲ್ಲ ಬೀದಿಯದು. ಅಮ್ಮನಿಂದ ಅವನಿಗೆ ಆಗಾಗ ‘ಕೊಯೆಹಾ’ ಸಿಗುತ್ತದೆ. ನಮ್ಮ ಜೇಬುನಿಘಂಟಿನಲ್ಲಿ ಈ ಪದಕ್ಕೆ ಒಂದು ಬಗೆಯ ಸೊಪ್ಪು ಎಂದಷ್ಟೇ ಅರ್ಥ ಕೊಟ್ಟಿತ್ತು. “ಅಪ್ಪಾ, ಸಿಟ್ಟು ಬಂದಾಗಲೆಲ್ಲ ಇವನಮ್ಮ ಸೊಪ್ಪು ಯಾಕೆ ಕೊಡ್ತಾಳೆ?” ಎಂದು ಮಗಳು ಕೇಳಿದಾಗ ನನ್ನಲ್ಲೂ ಉತ್ತರವಿರಲಿಲ್ಲ. ದೊಡ್ಡ ನಿಘಂಟನ್ನು ತೆರೆದ ಮೇಲೆ ತಿಳಿಯಿತು: ಸೊಪ್ಪಿನ ಅರ್ಥವೂ ಉಂಟು, ಆದರೆ ಇಲ್ಲಿ ಅದು ಅಂಗೈಯಿಂದ ಕತ್ತಿನ ಹಿಂಭಾಗಕ್ಕೆ ಬಿಗಿಯುವ ಏಟು. ಅಂದಿನಿಂದ ನಮ್ಮ ಮನೆಯಲ್ಲಿ ‘ಸೊಪ್ಪು ಬೇಕಾ?’ ಎಂಬುದು ಬೆದರಿಕೆಯ ಮಾತಾಗಿದೆ. ಇದಲ್ಲದೆ, ಅವಳ ಆ್ಯಪ್ ಕಲಿಸುವುದು ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಆದ್ದರಿಂದ, ಗೆಳೆಯರ ಗುಂಪಿಗೆ ‘ನೀವು’ ಎನ್ನಲು ಸ್ಪೇನಿನಲ್ಲಿ ಆಡುವ ‘ವೊಸೋತ್ರೋಸ್’ ಎಂಬ ಸರ್ವನಾಮವನ್ನೂ ಅದಕ್ಕೆ ಹೊಂದುವ ಕ್ರಿಯಾರೂಪಗಳನ್ನೂ ಅವಳು ಇಲ್ಲಿಯೇ ಮೊದಲು ಕಂಡಳು. ಸಂಭಾಷಣೆಗೆ ಉದ್ಧರಣ ಚಿಹ್ನೆಯ ಬದಲು ಉದ್ದ ಗೆರೆ ಇರುವುದು, ಪ್ರಶ್ನೆಯ ಮೊದಲಿಗೇ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಬರುವುದು ನಾಲ್ಕು ಪುಟಗಳಲ್ಲಿ ರೂಢಿಯಾಯಿತು.

ಕನ್ನಡದ ಮಗುವಿಗೆ ಕೆಲವು ಅನುಕೂಲಗಳೂ ಇವೆ. ಇಂಗ್ಲಿಷ್ ಕೈಪಿಡಿಗಳು ಇವನ್ನು ಹೇಳುವುದಿಲ್ಲ. ‘ಬಂದೆ’ ಎಂದಾಗ ‘ನಾನು’ ಎಂಬುದು ಕ್ರಿಯಾಪದದೊಳಗೇ ಇರುವಂತೆ ಸ್ಪ್ಯಾನಿಷಿನಲ್ಲೂ ಇರುವುದರಿಂದ, ಕರ್ತೃ ಎಲ್ಲಿ ಹೋಯಿತೆಂದು ಅವಳು ಒಮ್ಮೆಯೂ ಕೇಳಲಿಲ್ಲ. ‘ತೂ’ ಮತ್ತು ‘ಉಸ್ತೆದ್’ ನಡುವಿನ ವ್ಯತ್ಯಾಸವೂ ನೀನು, ನೀವು ಎಂದೊಡನೆ ಮುಗಿಯಿತು. ಬರೆದಂತೆ ಓದುವ ಭಾಷೆಯಾದ್ದರಿಂದ, ಉಚ್ಚಾರವಿಲ್ಲದ ‘ಎಚ್’ ಅಕ್ಷರದಂಥ ಒಂದೆರಡು ತೊಡಕುಗಳನ್ನು ಬಿಟ್ಟರೆ, ಅರ್ಥವಾಗದ ಸಾಲನ್ನೂ ಗಟ್ಟಿಯಾಗಿ ಓದಬಲ್ಲಳು. ಅವಳ ತಾತ ಅರ್ಥ ತಿಳಿಯದೆಯೂ ಕೂತು ಕೇಳುತ್ತಾರೆ.

ಕೊಳ್ಳುವ ಪೋಷಕರಿಗೆ ಒಂದು ಎಚ್ಚರಿಕೆ. ಮನೊಲಿತೊ ತನ್ನ ತಮ್ಮನನ್ನು ಹೆಸರು ಹಿಡಿದು ಕರೆಯದೆ ‘ಪೆದ್ದ’ ಎಂಬ ಅರ್ಥದ ಬೈಗುಳದಿಂದಲೇ ಉದ್ದಕ್ಕೂ ಕರೆಯುತ್ತಾನೆ, ಅಮ್ಮನ ಏಟುಗಳೂ ತಮಾಷೆಯಾಗಿಯೇ ಬರುತ್ತವೆ. ನನಗೆ ಇದು ತಪ್ಪೆನಿಸಲಿಲ್ಲ, ಏಕೆಂದರೆ ಆ ಬೈಗುಳದಲ್ಲಿರುವ ಅಕ್ಕರೆ ಮಕ್ಕಳಿಗೆ ನಮಗಿಂತ ಬೇಗ ತಿಳಿಯುತ್ತದೆ. ನಡೆದು ಮುಗಿದದ್ದಕ್ಕೆ ಒಂದು, ನಡೆಯುತ್ತಿದ್ದದ್ದಕ್ಕೆ ಇನ್ನೊಂದು ಎಂಬ ಸ್ಪ್ಯಾನಿಷಿನ ಎರಡು ಬಗೆಯ ಭೂತಕಾಲದ ರೂಪಗಳನ್ನು ಇನ್ನೂ ಕಲಿಯದ ಮಗುವಿಗೆ ಈ ಪುಸ್ತಕ ಬೇಡ. ಕಲಿತ ಮಗುವಿಗಾದರೂ ಪಕ್ಕದಲ್ಲಿ ಕೂತು ನಿಘಂಟು ತಿರುವುವವರು ಒಬ್ಬರು ಬೇಕು. ನಾವು ಸಂಜೆಗೆ ಎರಡು ಪುಟದಂತೆ ಓದಿ ಮುಗಿಸುವ ಹಂತಕ್ಕೆ ಬಂದಿದ್ದೇವೆ. ಎರಡನೆಯ ಪುಸ್ತಕ ದಸರಾ ರಜೆಯೊಳಗೆ ಬೇಕೆಂಬ ಬೇಡಿಕೆ ಈಗಾಗಲೇ ಬಂದಿದ್ದು, ಈ ಸಲ ರಟ್ಟಿನ ಪೆಟ್ಟಿಗೆಯಲ್ಲಿ ಕಳುಹಿಸುವ ಮಾರಾಟಗಾರರನ್ನು ಹುಡುಕುತ್ತಿದ್ದೇನೆ.