ಫೇರ್‌ಶೇರ್ ಸಾಕಾ, ಕೋರ್-ಗಂಟೆಗೆ ಗಟ್ಟಿ ಮಿತಿ ಬೇಕಾ? ಸ್ಲರ್ಮ್‌ನಲ್ಲಿ ಮೂರನ್ನೂ ಓಡಿಸಿ ನೋಡಿದ ಮೇಲೆ

ನಮ್ಮ ವಿಭಾಗದ ಕ್ಲಸ್ಟರ್ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳ ಗುಂಪು) ಮೇಲೆ ಒಂಬತ್ತು ಪ್ರಾಜೆಕ್ಟ್‌ಗಳಿವೆ, ಅವುಗಳ ಜಾಬ್‌ಗಳನ್ನು ಸರದಿಯಲ್ಲಿ ಓಡಿಸುವ ತಂತ್ರಾಂಶವೇ ಸ್ಲರ್ಮ್. ನೋಡಿಕೊಳ್ಳುವ ಕೆಲಸ ನನ್ನದು. ಯಾರಿಗೆ ಎಷ್ಟು ಕೋರ್-ಗಂಟೆ (ಒಂದು ಪ್ರೊಸೆಸರ್ ಕೋರ್ ಒಂದು ಗಂಟೆ ಓಡುವುದು) ಎಂದು ಹಂಚಲು ಎರಡು ವರ್ಷದಲ್ಲಿ ಮೂರು ಪದ್ಧತಿ ಬದಲಾಯಿಸಿದ್ದೇವೆ.

ಮೊದಲು ಬರೀ ಫೇರ್‌ಶೇರ್. ಇದು ಯಾರನ್ನೂ ತಡೆಯುವುದಿಲ್ಲ, ಜಾಸ್ತಿ ಬಳಸಿದವರನ್ನು ಸರದಿಯಲ್ಲಿ ಹಿಂದಕ್ಕೆ ತಳ್ಳುತ್ತದೆ ಅಷ್ಟೇ. ಹಳೆಯ ಬಳಕೆ ಕಾಲ ಕಳೆದಂತೆ ಕರಗುತ್ತದೆ. ಅದು ಅರ್ಧಕ್ಕಿಳಿಯುವ ಅವಧಿ ಸ್ಲರ್ಮ್‌ನಲ್ಲಿ ಮೊದಲೇ 7 ದಿನ ಅಂತಿರುತ್ತದೆ, ನಾವು 14 ಮಾಡಿಕೊಂಡೆವು. ಹಾಗಾಗಿ ಎಂಟು ವಾರದ ಹಿಂದಿನ ಬಳಕೆಯಲ್ಲಿ ಹದಿನಾರರಲ್ಲಿ ಒಂದು ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ಯಂತ್ರ ಸುಮ್ನೆ ಕೂರುವುದಿಲ್ಲ, ಅದು ದೊಡ್ಡ ಲಾಭ. ಆದರೆ "ನಮ್ಮ ಪಾಲಿನದು ಇನ್ನೆಷ್ಟು ಉಳಿದಿದೆ?" ಎಂದು ಪ್ರೊಫೆಸರ್ ಕೇಳಿದರೆ ಕೊಡಲು ಉತ್ತರವೇ ಇರಲಿಲ್ಲ.

ಆಮೇಲೆ ಪ್ರತಿ ಪ್ರಾಜೆಕ್ಟಿನ ಅಕೌಂಟಿಗೂ ಗ್ರೂಪ್ ಟ್ರೆಸ್ ಮಿನ್ಸ್ ಮಿತಿ, ಅಂದರೆ ಒಟ್ಟು ಇಷ್ಟೇ ಬಳಸಬಹುದು ಎಂಬ ಗಟ್ಟಿ ಮಿತಿ, ಹಾಕಿದೆವು. ಇಲ್ಲಿ ಲೆಕ್ಕ ನಿಮಿಷದಲ್ಲಿ, ಗಂಟೆಯಲ್ಲಲ್ಲ! 1 ಲಕ್ಷ ಕೋರ್-ಗಂಟೆ ಕೊಡಬೇಕಿದ್ದರೆ 60 ಲಕ್ಷ ಎಂದು ಬರೆಯಬೇಕು. ಮಿತಿ ನಿಜವಾಗಿ ಹಿಡಿಯಬೇಕಾದರೆ ಬಳಕೆ ಕರಗುವುದನ್ನು ನಿಲ್ಲಿಸಬೇಕು, ನಿಲ್ಲಿಸಿದರೆ ಲೆಕ್ಕ ಸೊನ್ನೆ ಮಾಡಲು ಒಂದು ಅವಧಿ ಕೊಡಬೇಕು. ನಾವು ಮೂರು ತಿಂಗಳು ಕೊಟ್ಟೆವು. ಕೊನೆಯ ವಾರ ಬಂತೆಂದರೆ ಉಳಿದ ಗಂಟೆ ಹಾಳಾಗುತ್ತದಲ್ಲಾ ಎಂದು ಎಲ್ಲರೂ ಒಟ್ಟಿಗೆ ಜಾಬ್ ಹಾಕುತ್ತಿದ್ದರು, ನಿಜವಾಗಿ ತುರ್ತಿದ್ದವರು ಕ್ಯೂನಲ್ಲಿ ಕಾಯುತ್ತಿದ್ದರು. ಅದಕ್ಕಿಂತ ನೋವಾಗಿದ್ದು ಬೇರೆ. ಸೇಫ್ ಆಯ್ಕೆ ಹಾಕದೆ ಬಿಟ್ಟಿದ್ದೆವು, ಹಾಗಾಗಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಯ ಐದು ದಿನದ ಜಾಬ್ ನಾಲ್ಕನೇ ದಿನ ಮಿತಿ ಮುಟ್ಟಿ ಸತ್ತುಹೋಯಿತು, ಚೆಕ್‌ಪಾಯಿಂಟ್ (ನಡುವೆ ಉಳಿಸಿಟ್ಟ ಸ್ಥಿತಿ) ಕೂಡ ಇರಲಿಲ್ಲ. ಆ ದಿನವೇ ಸೇಫ್ ಹಾಕಿದೆ. ಈಗ ಕೇಳಿದ ಸಮಯವಿಡೀ ಓಡುವಷ್ಟು ಗಂಟೆ ಉಳಿದಿದ್ದರೆ ಮಾತ್ರ ಜಾಬ್ ಶುರುವಾಗುತ್ತದೆ. 48 ಕೋರ್‌ಗೆ 72 ಗಂಟೆ ಕೇಳಿದರೆ 3,456 ಕೋರ್-ಗಂಟೆ ಉಳಿದಿರಲೇಬೇಕು, ಕೆಲಸ 20 ಗಂಟೆಯಲ್ಲಿ ಮುಗಿಯುವಂಥದ್ದಾದರೂ ಅಷ್ಟೇ. ಅದಕ್ಕೇ ಸಮಯವನ್ನು ಅಂದಾಜು ಮಾಡಿ ಕೇಳಿ ಅಂತ ಎಲ್ಲರಿಗೂ ಹೇಳುತ್ತಿರುತ್ತೇನೆ.

ಈಗಿರುವುದು ಮೂರನೆಯದು, ನನಗೆ ಇದೇ ಸರಿ ಅನ್ನಿಸಿದೆ. ಪ್ರತಿ ಪ್ರಾಜೆಕ್ಟಿಗೆ ಒಂದು ಕ್ಯೂಓಎಸ್ (ಜಾಬ್‌ಗಳಿಗೆ ಮಿತಿ, ಆದ್ಯತೆ ಹಾಕುವ ವರ್ಗ) ಮಾಡಿ, ಮಿತಿಯನ್ನು ಅಲ್ಲಿಟ್ಟು, ನೋ-ಡೀಕೇ ಫ್ಲ್ಯಾಗ್ ಹಾಕಿದ್ದೇವೆ. ಆ ಲೆಕ್ಕ ಕರಗುವುದಿಲ್ಲ, ಯಾವ ಅವಧಿಗೂ ತಾನಾಗಿ ಸೊನ್ನೆಯಾಗುವುದಿಲ್ಲ, ಪ್ರಾಜೆಕ್ಟ್ ಇರುವವರೆಗೂ ನಿಲ್ಲುತ್ತದೆ. ಸರದಿಯ ಫೇರ್‌ಶೇರ್ ಮಾತ್ರ ಮತ್ತೆ 14 ದಿನದಂತೆ ಕರಗುತ್ತದೆ. ಎರಡೂ ಬೇರೆ ಬೇರೆ ಆಗಿದ್ದೇ ಮುಖ್ಯ, ಅಲ್ವಾ? ಗಂಟೆ ಮುಗಿದವರಿಗೂ ಬಾಗಿಲು ಹಾಕಿಲ್ಲ. ಯೂಸೇಜ್ ಫ್ಯಾಕ್ಟರ್ ಸೊನ್ನೆ ಇರುವ (ಅಂದರೆ ಬಳಸಿದ್ದು ಲೆಕ್ಕಕ್ಕೆ ಸೇರದ), ತೀರಾ ಕಡಿಮೆ ಆದ್ಯತೆಯ ಇನ್ನೊಂದು ಕ್ಯೂಓಎಸ್ ಇದೆ, ನೋಡ್ (ಕ್ಲಸ್ಟರಿನ ಒಂದೊಂದು ಕಂಪ್ಯೂಟರ್) ಖಾಲಿಯಿದ್ದಾಗ ಅದರಲ್ಲಿ ಓಡಿಸಬಹುದು. ಥೀಸಿಸ್ ಬರೆಯುವ ಹೊತ್ತಿಗೆ ಗಂಟೆ ಮುಗಿದ ಇಬ್ಬರು ಹೋದ ತಿಂಗಳು ರಾತ್ರಿ ಹೊತ್ತು ಅದರಲ್ಲೇ ಕೆಲಸ ಮುಗಿಸಿಕೊಂಡರು.